ಕಂಬದ ಪಕ್ಕದ ಜಾಗ

‘ಜೂನ್ ಒಂಬತ್ತು, ಭಾನುವಾರ. ದೇವಾಲಯದಲ್ಲಿ ಮುಂದೆ ಅಷ್ಟು ಜಾಗ ಖಾಲಿ ಇದ್ದರೂ ಇವರು ಇವತ್ತೂ ಆ ಕಂಬದ ಪಕ್ಕದಲ್ಲೇ ಕೂತರು. ಯಾಕೆಂದು ಕೇಳಿದೆ. “ಅಲ್ಲಿ ದೇವರ ಮಾತು ಛಲೋ ಕೇಳಸ್ತದ” ಎಂದರು. ಮಧ್ಯಾಹ್ನ ಬದನೆಕಾಯಿ ಪಲ್ಯ.’

ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ನಾನು ಬಿ.ಎ. ಮಾಡಿದವಳು. ಕಾಲೇಜು ಮುಗಿಸಿದಾಗಿನಿಂದ ಡೈರಿ ಬರೆಯದೆ ಮಲಗಿದವಳಲ್ಲ. ಯಾರ ಮಗುವಿಗೆ ಯಾವತ್ತು ದೀಕ್ಷಾಸ್ನಾನ ಆಯಿತು, ಯಾವ ಭಾನುವಾರ ಪಾದ್ರಿ ಅಯ್ಯನವರು ಸತ್ಯವೇದದ ಯಾವ ವಚನದ ಮೇಲೆ ಪ್ರಸಂಗ ಮಾಡಿದರು, ಎಲ್ಲ ನನ್ನ ಹತ್ತಿರ ಇದೆ. ಸಭೆಯ ರಿಜಿಸ್ಟರಿನ ಮೇಲೆ ಅನುಮಾನ ಬಂದರೆ ಹಿರಿಯರು ನಮ್ಮ ಮನೆಗೆ ಬರುತ್ತಾರೆ. ಈಗಲೂ ಬರೆಯುತ್ತೇನೆ. ಆದರೆ ಇವರು ಹೋದಾಗಿನಿಂದ ಬರೆದು ಮುಗಿಸಿದ ಮೇಲೆ ನಿದ್ದೆ ಬರುವುದಿಲ್ಲ.

ಸಾವಿನ ಮನೆಯಲ್ಲಿ ನಗಬಾರದು ಎನ್ನುವವರು ಸಾವಿನ ಮನೆಯಲ್ಲಿ ಓಡಾಡಿ ಕೆಲಸ ಮಾಡಿದವರಲ್ಲ. ಮಹಿಳಾ ಸಮಾಜದ ಕಾರ್ಯದರ್ಶಿಯಾಗಿ ರಾಯಚೂರಿನ ನಮ್ಮ ಸಭೆಯ ಎಷ್ಟೋ ಮಣ್ಣಿನ ಕಾರ್ಯ, ಎಷ್ಟೋ ಜ್ಞಾಪಕಾರ್ಥ ಆರಾಧನೆಗಳನ್ನು ನಾನೇ ನಿಂತು ಮಾಡಿಸಿದ್ದೇನೆ. ನಗು ಬರಿಸದೆ ಮುಗಿದದ್ದು ಒಂದೂ ಇಲ್ಲ. ಈ ಸಲ ನಮ್ಮ ಮನೆಯದೇ ಆಯಿತು. ನಮ್ಮ ಯಜಮಾನರೇ ಹೋದರು. ಆದರೂ ನಗು ಬರಿಸುವಂಥವು ನಡೆಯುವುದು ನಿಲ್ಲಲಿಲ್ಲ.

ನಮ್ಮ ದೇವಾಲಯದಲ್ಲಿ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಮೊದಲಿನಿಂದಲೂ ಹಾಗೆಯೇ. ಮದುವೆಯ ದಿನ ನಮ್ಮಿಬ್ಬರನ್ನು ಮುಂದೆ ಎರಡು ಕುರ್ಚಿ ಹಾಕಿ ಕೂರಿಸಿದ್ದರು. ದೇವರ ಮನೆಯಲ್ಲಿ ನಾವು ಜೊತೆಗೆ ಕೂತದ್ದು ಅದೊಂದೇ ಸಲ. ಆಮೇಲೆ ಪ್ರತಿ ಭಾನುವಾರ ಒಂದೇ ಸ್ಕೂಟರಿನ ಮೇಲೆ ಬರುವುದು, ಬಾಗಿಲಲ್ಲಿ ಬೇರೆಯಾಗುವುದು. ಅವರು ಕಂಬದ ಪಕ್ಕಕ್ಕೆ, ನಾನು ಈ ಕಡೆಯ ಮೂರನೆಯ ಸಾಲಿಗೆ.

ನಲವತ್ತನೆಯ ದಿನದ ಆರಾಧನೆ ಗೊತ್ತುಮಾಡುವಾಗ ನನಗೆ ಇದ್ದದ್ದು ಒಂದೇ ಆಸೆ. ಆ ದಿನ ಇವರ ಜಾಗದಲ್ಲಿ ನಾನು ಕೂರಬೇಕು. ಅಷ್ಟು ವರ್ಷ ಅಲ್ಲಿಂದ ಏನು ನೋಡುತ್ತಿದ್ದರು, ಹೇಗೆ ಕೇಳುತ್ತಿದ್ದರು ಎಂದು ಒಮ್ಮೆ ತಿಳಿಯಬೇಕು. ಅಲ್ಲಿಂದ ನನ್ನ ಸಾಲು ನೇರವಾಗಿ ಕಾಣುತ್ತಿರಬೇಕು ಎಂದೂ ಒಂದು ಮನಸ್ಸು ಹೇಳುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಈ ವಯಸ್ಸಿನಲ್ಲಿ ಹೇಳುವ ಮಾತೇ?

ನೋಹನ ನಾವೆ

ಮೊದಲು ಮಣ್ಣಿನ ದಿನದ್ದು ಹೇಳುತ್ತೇನೆ.

ಇವರು ಹುಟ್ಟಿದ ಊರು ಮಾನ್ವಿ ತಾಲೂಕಿನ ಕಲ್ಲೂರು. ಸುದ್ದಿ ಮುಟ್ಟಿದ ಕೂಡಲೇ ಅಲ್ಲಿಯ ಸಭೆಯವರು ಟಂಟಂ ಗಾಡಿ ಮಾಡಿಕೊಂಡು ಬಂದರು. ಡೋಲಕ್, ತಾಳ, ಹಾರ್ಮೋನಿಯಂ ಎಲ್ಲ ಜೊತೆಗಿತ್ತು. ಅವರ ಮೇಳದ ಹಿರಿಯ ಇವರ ಬಾಲ್ಯದ ಗೆಳೆಯ. ಮನೆಯಿಂದ ಸಮಾಧಿಯವರೆಗೂ ಹಾಡಿಕೊಂಡೇ ನಡೆದರು.

ಅಯ್ಯನವರು ನಮ್ಮಲ್ಲಿಗೆ ಹೊಸಬರು. ವಯಸ್ಸು ಚಿಕ್ಕದು, ಮೈಸೂರು ಕಡೆಯವರು. ಪೆಟ್ಟಿಗೆ ಇಳಿಸಿದ ಮೇಲೆ ಒಂದು ಹಿಡಿ ಮಣ್ಣು ತೆಗೆದುಕೊಂಡು, ಕೈ ಮುಂದೆ ಚಾಚಿ, “ಮಣ್ಣಿಗೆ ಮಣ್ಣು” ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮೇಳದವರು ಮುಂದಿನ ನುಡಿ ಎತ್ತಿದರು. ಅದು ಮುಗಿಯಿತೆಂದು ಮತ್ತೆ ಬಾಯಿ ತೆರೆದರು. ಡೋಲಕ್ ಮತ್ತೆ ಶುರುವಾಯಿತು.

ಅಯ್ಯನವರು ಹಿರಿಯನ ಕಿವಿಯ ಹತ್ತಿರ ಬಾಗಿ, “ಇನ್ನೂ ಎಷ್ಟು ನುಡಿ ಇದೆ?” ಎಂದರು.

ಹಿರಿಯ ತಾಳ ಬಿಡದೆಯೇ ಹೇಳಿದ: “ಪದ ನಡುವ ಬಿಡಂಗಿಲ್ರಿ ಅಯ್ಯನೋರ. ನೋಹ ಈಗಿನ್ನಾ ನಾವಿ ಹತ್ತಾಕತ್ತ್ಯಾನ.”

ಆಗ ಗೊತ್ತಾಯಿತು, ಅದು ಸೃಷ್ಟಿಯಿಂದ ಹಿಡಿದು ಸತ್ಯವೇದವನ್ನೆಲ್ಲ ಹೇಳುವ ಪದ. ಸುಡುಬಿಸಿಲು. ಮೋಶೆ ಸಮುದ್ರ ದಾಟುವ ಹೊತ್ತಿಗೆ ಅಯ್ಯನವರ ಹಿಡಿಯ ಮಣ್ಣೆಲ್ಲ ಸೋರಿ ಅವರ ಬೂಟಿನ ಮೇಲೆ ಬಿದ್ದಿತ್ತು. ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡರು. ದೇವದುರ್ಗದಿಂದ ಬಂದಿದ್ದ ನನ್ನ ನಾದಿನಿ, ಇವರ ತಂಗಿ, ಅಳುತ್ತಲೇ ನನ್ನ ಕಿವಿಯಲ್ಲಿ, “ಇರ್ಲಿ ಬಿಡು ಅತ್ತಿಗಿ, ಅಣ್ಣಗೂ ಎಂದೂ ಅವಸರ ಇರಲಿಲ್ಲ” ಎಂದಳು. ನನಗೆ ನಗು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಜನ ನಾನು ಕುಸಿದೆನೆಂದು ತಿಳಿದು ನೀರು ತಂದುಕೊಟ್ಟರು.

ನಲವತ್ತನೆಯ ದಿನದ ಕಾರ್ಯಕ್ರಮ ಬರೆಯುವಾಗ ಕಲ್ಲೂರಿನ ಮೇಳಕ್ಕೆ ಒಂದು ಹಾಡು ಕೊಡಬೇಕು ಎಂದೆ. ಅಯ್ಯನವರು ಪೆನ್ನು ಕೆಳಗಿಟ್ಟು ತಮ್ಮ ಬೂಟಿನ ಕಡೆ ನೋಡಿಕೊಂಡರು.

“ಕೊಡೋಣ ಅಮ್ಮ. ಆದರೆ ಈ ಸಲ ಹೊಸ ಒಡಂಬಡಿಕೆಯಿಂದ ಶುರು ಮಾಡಲು ಹೇಳಿ.”

ಬೇರೆಯವರ ಕಣ್ಣು

ದೇವಾಲಯದ ಗೇಟಿಗೆ ಕಟ್ಟಲು ಇವರ ಫೋಟೋ ಇರುವ ಬ್ಯಾನರ್ ಬೇಕಿತ್ತು. ಮಾನ್ವಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಮಗಳು ಶನಿವಾರ ಬಂದು ಅಲ್ಬಂಗಳನ್ನೆಲ್ಲ ಹಾಸಿಕೊಂಡು ಕೂತಳು. ಹುಡುಕುತ್ತ ಹುಡುಕುತ್ತ ಅವಳ ಮುಖ ಸಪ್ಪಗಾಯಿತು.

“ಅಮ್ಮ, ಅಪ್ಪ ಒಂದರಾಗೂ ಕಣ್ಣು ತೆರೆದಿಲ್ಲ.”

ಸುಳ್ಳಲ್ಲ. ಮದುವೆಯ ಫೋಟೋದಲ್ಲಿ ಮುಚ್ಚಿವೆ. ಮಗಳ ಮದುವೆಯಲ್ಲಿ ಮುಚ್ಚಿವೆ. ನೀರಾವರಿ ಇಲಾಖೆಯಿಂದ ನಿವೃತ್ತರಾದ ದಿನ ಹಾರ ಹಾಕಿಕೊಂಡು ನಿಂತಿದ್ದಾರೆ, ಆಗಲೂ ಮುಚ್ಚಿವೆ. ಇದ್ದುದರಲ್ಲಿ ಅದೇ ವಾಸಿ ಎಂದು ಅದನ್ನೇ ತೆಗೆದುಕೊಂಡು ಬ್ಯಾನರ್ ಅಂಗಡಿಗೆ ಹೋದೆವು.

ಅಂಗಡಿಯವನು ಫೋಟೋ ನೋಡಿ, “ಕಣ್ಣು ಹಾಕೋಣೇನ್ರಿ ಅಮ್ಮಾ? ನನ್ನ ಹತ್ರ ಛಲೋ ಛಲೋ ಕಣ್ಣು ಅವ” ಎಂದ. ಗಾಜಿನ ಕಪಾಟಿನಿಂದ ಬಳೆ ತೆಗೆದು ತೋರಿಸುವವನ ಹಾಗೆ ಹೇಳಿದ. ನಾನು ಬಾಯಿ ತೆರೆಯುವ ಮೊದಲೇ ಒಂದು ಜೊತೆ ಹಾಕಿಯೂಬಿಟ್ಟ.

ಕಂಪ್ಯೂಟರಿನೊಳಗಿಂದ ನಮ್ಮವರು ನನ್ನನ್ನು ದಿಟ್ಟಿಸಿ ನೋಡಿದರು. ಮೂಗು ಅವರದು, ಮೀಸೆ ಅವರದು, ನೋಟ ಮಾತ್ರ ಯಾರದೋ.

“ಯಾರ ಕಣ್ಣಪ್ಪ ಇವು?”

“ಒಬ್ಬ ಲೀಡರ್‌ದು ಅವ್ರಿ. ಹುಟ್ಟುಹಬ್ಬದ ಬ್ಯಾನರಿಂದು. ಭಾಳ ಮಂದಿ ಇವನ್ನ ಕೇಳ್ತಾರ.”

ಮಗಳು ಮೆಲ್ಲಗೆ, “ಅಮ್ಮ, ಅಪ್ಪ ಓಟು ಕೇಳಾಕ ಬಂದಂಗ ಕಾಣ್ತಾರ” ಎಂದಳು.

“ತೆಗಿಯಪ್ಪ, ತೆಗಿ” ಎಂದೆ. “ನಮ್ಮವರ ಕಣ್ಣು ಹೆಂಗಿದ್ವೋ ಹಂಗ ಇರ್ಲಿ.”

ಮನೆಗೆ ಬರುವಾಗ ಆಟೋದಲ್ಲಿ ಅದೇ ಯೋಚನೆ. ಇವರ ತೆರೆದ ಕಣ್ಣು ಒಂದು ಕಾಗದದ ಮೇಲೂ ಇಲ್ಲ. ಬಲಗಣ್ಣು ಎಡದಕ್ಕಿಂತ ಸ್ವಲ್ಪ ಚಿಕ್ಕದು. ನಗುವಾಗ ಅದೇ ಮೊದಲು ಕಿರಿದಾಗುತ್ತಿತ್ತು. ಅಷ್ಟೆಲ್ಲ ಬರೆದಿಟ್ಟವಳು ನಾನು, ಇದನ್ನು ಎಲ್ಲಿಯೂ ಬರೆದಿರಲಿಲ್ಲ. ಬಂದ ಕೂಡಲೇ ಡೈರಿಯಲ್ಲಿ ಬರೆದೆ.

ಬ್ಯಾನರ್ ಕಟ್ಟಿದ ದಿನ ನಾದಿನಿ ಅದರ ಮುಂದೆ ನಿಂತು, ದೇವದುರ್ಗದಿಂದ ಬಂದ ನೆಂಟರಿಗೆಲ್ಲ ಕೈ ತೋರಿಸಿ ಹೇಳುತ್ತಿದ್ದಳು: “ನೋಡ್ರಿ, ನಮ್ಮಣ್ಣ ಫೋಟೋ ತಗಸ್ಕೊಳ್ಳೋವಾಗೂ ಪ್ರಾರ್ಥನಾ ಬಿಡ್ತಿರಲಿಲ್ಲ!”

ಹುಗ್ಗಿಯ ವಿಚಾರ

ನಮ್ಮ ಓಣಿಯಲ್ಲೇ ರೈಸ್ ಮಿಲ್ಲಿನ ಸಾಹುಕಾರರೊಬ್ಬರಿದ್ದಾರೆ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗ. ಇವರಿಗೆ ತುಂಬ ಬೇಕಾದವರು. ಪ್ರತಿ ಸೋಮವಾರ ಬೆಳಿಗ್ಗೆ ಇವರು ಮಿಲ್ಲಿಗೆ ಹೋಗಿ ಚಹಾ ಕುಡಿದು, ಹಿಂದಿನ ದಿನದ ಪ್ರಸಂಗವನ್ನು ಅವರಿಗೆ ಹೇಳಿ ಬರುತ್ತಿದ್ದರು.

ಆ ಪ್ರಸಂಗ ಮಿಲ್ಲಿಗೆ ಹೋಗುವ ಮೊದಲು ನಮ್ಮ ಮನೆಯ ಊಟಕ್ಕೆ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ತಟ್ಟೆಯ ಮುಂದೆ ಕೂತ ಕೂಡಲೇ ಇವರು, “ಇವತ್ತು ಅಯ್ಯನೋರು ಹೇಳಿದ್ದು ನೀ ಒಮ್ಮಿ ಹೇಳು. ನೀ ಹೇಳಿದ್ರ ಛಂದ ತಿಳೀತದ” ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಹೇಳುವಾಗ ನನ್ನದೂ ನಾಲ್ಕು ಮಾತು ಸೇರಿಸುತ್ತಿದ್ದೆ. ಬಿ.ಎ. ಓದಿದ್ದು ಸುಮ್ಮನೆ ಹೋಗಬಾರದಲ್ಲ. ಇವರು ರೊಟ್ಟಿ ಮುರಿಯುವುದನ್ನೂ ಮರೆತು ಕೇಳುತ್ತಿದ್ದರು. ಈಗ ಭಾನುವಾರ ಊಟ ಬೇಗ ಮುಗಿಯುತ್ತದೆ.

ನಲವತ್ತನೆಯ ದಿನಕ್ಕೆ ಬಗಾರಾ ಖಾನಾ ಎಂಬ ಮಸಾಲೆ ಅನ್ನ, ಮಟನ್ ಹಾಕಿದ ದಾಲ್ಚಾ ಸಾರು ಎಂದು ಗೊತ್ತುಮಾಡಿದ್ದೆ. ಸಾಹುಕಾರರು ಬಂದು, “ಅಕ್ಕಾರ, ಅಕ್ಕಿ ನಂದು. ಮಾತಾಡಬ್ಯಾಡ್ರಿ” ಎಂದರು.

“ಆಗ್ಲಿ. ನಿಮ್ಮ ಕಡೆಯವ್ರಿಗೆ ಬ್ಯಾರೆ ಒಲಿ, ಬ್ಯಾರೆ ಪಾತ್ರಿ, ಬ್ಯಾರೆ ಅಡಿಗಿಯವ್ರು. ಚಿಂತಿ ಮಾಡಬ್ಯಾಡ್ರಿ.”

“ಪಾತ್ರಿ ಮಾತಲ್ರಿ. ಸಿಹಿ ಏನು?”

“ಇಂಥಾದಕ್ಕ ಸಿಹಿ ಮಾಡಂಗಿಲ್ರಿ ಸಾಹುಕಾರ್ರ.”

ಅವರು ಟವೆಲ್ಲು ಹೆಗಲಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡರು. ಹಾಗೆ ಮಾಡಿದರೆ ವಾದಕ್ಕೆ ಕೂತರೆಂದೇ ಅರ್ಥ. “ಅವ್ರು ಎಲ್ಲಿಗಿ ಹೋಗ್ಯಾರ ಅಂತೀರಿ ನೀವು?”

“ದೇವರ ಹತ್ರ.”

“ಖರೇನ?”

“ಖರೇನ.”

“ಮಗಳನ್ನ ಗಂಡನ ಮನಿಗಿ ಕಳಿಸಬೇಕಾದ್ರ ಹುಗ್ಗಿ ಮಾಡ್ತೀರಿ. ದೇವರ ಮನಿಗಿ ಹೋದಾಂವಗ ಬರೇ ದಾಲ್ಚಾನ?”

ಅಯ್ಯನವರಿಗೆ ಫೋನು ಮಾಡಿದೆ. ಅವರು ಯೋಚಿಸಿ, “ಸತ್ಯವೇದದಲ್ಲಿ ಹುಗ್ಗಿಗೆ ವಿರೋಧವಾಗಿ ನಾನು ಏನೂ ಓದಿಲ್ಲ ಅಮ್ಮ. ಹುಗ್ಗಿ ಅಂದರೆ ಏನು?” ಎಂದರು.

ಗೋಧಿ, ಬೆಲ್ಲ, ಗಸಗಸೆ ಎಂದು ವಿವರಿಸಿದೆ. ಆರಾಧನೆಯ ದಿನ ಸಾಹುಕಾರರಿಂದ ಹಂಡೆ ತುಂಬ ಹುಗ್ಗಿ ಬಂತು. ನಮ್ಮವರೆಲ್ಲ ಮೊದಲು ಅದರ ಮೇಲೇ ಬಿದ್ದರು. ದಾಲ್ಚಾ ಉಳಿದು ಮರುದಿನ ಓಣಿಗೆಲ್ಲ ಹಂಚಬೇಕಾಯಿತು. ಅಯ್ಯನವರು ಮೂರನೆಯ ಬಟ್ಟಲು ಹಿಡಿದು ನಿಂತಿದ್ದಾಗ ನಾನು ಎದುರಾದೆ.

“ಇನ್ನೂ ಪರಿಶೀಲನೆ ಮಾಡ್ತಾ ಇದ್ದೇನೆ ಅಮ್ಮ” ಎಂದರು.

ಸ್ವರ್ಗದ ಸಾಲು

ಇನ್ನು ಜಾಗದ ವಿಷಯ. ಸಭಾ ಸಮಿತಿಯ ಮುಂದೆ ನಾನೇ ಹೋಗಿ ಕೇಳಿದೆ. ನಾದಿನಿಯೂ ಜೊತೆಗಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಅವಳನ್ನು ಕರೆಯಬೇಕಾಗಿಯೂ ಇಲ್ಲ.

ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡು, “ಹಿಂದ ಹಿಂಗ ನಡದಿಲ್ರಿ ಅಮ್ಮಾರ” ಎಂದರು. ಇನ್ನೊಬ್ಬರು, “ನೀವು ಈ ಕಡಿ ಕುಂತ್ರ ಆ ಸಾಲಿನ ಗಂಡಸ್ರು ಎಲ್ಲಿ ಕುಂದ್ರಬೇಕು? ಹೆಂಗಸ್ರ ಕಡೀಗೇನು?” ಎಂದರು. ಮೂರನೆಯವರು, ಮನೆಯವರು ಎಲ್ಲರಿಗಿಂತ ಮುಂದೆ ಕೂರುವುದು ವಾಡಿಕೆ, ಮುಂದೆ ಎಷ್ಟು ಕುರ್ಚಿ ಬೇಕೋ ಹೇಳ್ರಿ ಎಂದರು.

“ನನಗ ಮುಂದಿನ ಕುರ್ಚಿ ಬ್ಯಾಡ. ಕಂಬದ ಪಕ್ಕದ ಜಾಗ ಬೇಕು.”

ಎಲ್ಲರಿಗಿಂತ ಹೆಚ್ಚು ಅಡ್ಡ ಬಂದವರು ಖಜಾಂಚಿ. ನಿವೃತ್ತ ಬ್ಯಾಂಕ್ ಅಧಿಕಾರಿ. ಗಂಡಸರ ಕಡೆ ಕಾಣಿಕೆ ಚೀಲ ಹಿಡಿಯುವವರು ಅವರೇ. ಎಂದೂ ನನ್ನ ಮಾತಿಗೆ ಇಲ್ಲ ಎಂದವರಲ್ಲ.

“ಬ್ಯಾಡ್ರಿ ಅಮ್ಮಾರ. ಅಲ್ಲಿ ಮ್ಯಾಲಿನ ಫ್ಯಾನ್ ಭಾಳ ಸಪ್ಪಳ ಮಾಡ್ತದ.”

“ನಮ್ಮವರು ಕುಂತಿದ್ರಲ್ರಿ?”

“ಅವ್ರಿಗಿ ರೂಢಿ ಇತ್ರಿ. ನಿಮಗ ಅಲ್ಲಿ… ಬ್ಯಾರೆ ಎಲ್ಲಾರ ಕುಂದರ್ರಿ. ನನ್ನ ಜಾಗ ಕೊಡ್ತೀನಿ ಬೇಕಾದ್ರ.”

ಅವರ ಮುಖ ಕೆಂಪಗಾಗಿತ್ತು. ಪದ್ಧತಿ ಮುರಿಯುತ್ತದೆಂದು ಸಂಕಟಪಡುತ್ತಿದ್ದಾರೆ ಎಂದುಕೊಂಡೆ. ಕೊಡದಿದ್ದರೆ ಬೇಡ ಎಂದು ಏಳುವುದರಲ್ಲಿದ್ದೆ. ಅಷ್ಟರಲ್ಲಿ ನಾದಿನಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು.

“ನಾ ಒಂದ್ ಮಾತು ಕೇಳ್ತೀನಿ ಹೇಳ್ರಿ. ನಾಳಿ ನಮ್ಮತ್ತಿಗಿ ಸ್ವರ್ಗಕ್ಕ ಹೋಗ್ತಾಳ. ಅಲ್ಲಿ ಅಣ್ಣ ಇರ್ತಾನ. ಅಲ್ಲೂ ನಿಮ್ಮ ಕಮಿಟಿ ಬಂದು ಗಂಡಸ್ರು ಆ ಕಡಿ, ಹೆಂಗಸ್ರು ಈ ಕಡಿ ಅಂತದೇನು?”

ಅಯ್ಯನವರು ಕೆಮ್ಮಿ, “ಸ್ವರ್ಗದಲ್ಲಿ ಸಮಿತಿ ಇದೆಯೆಂದು ಎಲ್ಲಿಯೂ ಬರೆದಿಲ್ಲ” ಎಂದರು. ಜಾಗ ಸಿಕ್ಕಿತು.

ಕಂಬ

ಆ ಭಾನುವಾರ ದೇವಾಲಯ ತುಂಬಿತ್ತು. ನಾನು ಬಿಳಿ ಸೀರೆ ಉಟ್ಟು ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಕಾಲು ತಾನಾಗಿಯೇ ಬಲಕ್ಕೆ ಹೊರಟಿತ್ತು. ಎಡಕ್ಕೆ ತಿರುಗಿಸಿದೆ. ಗಂಡಸರೆಲ್ಲ ಕಾಲು ಮಡಚಿ ದಾರಿ ಬಿಟ್ಟರು. ಹೋಗಿ ಕೂತೆ.

ಮೇಳದವರು ಹೇಳಿದಂತೆ ಬೆತ್ಲೆಹೇಮಿನಿಂದ ಶುರು ಮಾಡಿ ಬೇಗ ಮುಗಿಸಿದರು. ಆಮೇಲೆ ಸಾಹುಕಾರರು ಮಾತಾಡಿದರು. ಅವರ ದನಿ ಮಿಲ್ಲಿನ ಸದ್ದಿನಲ್ಲಿ ಪಳಗಿದ್ದು, ಮೈಕು ಬೇಡ. “ಬಿತ್ತುವವನ ಸಾಮ್ಯದ ಕತಿ ನನಗ ಹೇಳಿದಾಂವ ನನ್ನ ಗೆಳೆಯ. ಬೀಜ ಎಲ್ಲಾ ಕಡಿ ಬೀಳ್ತದ, ಆದ್ರ ಮಳಿ ಬಂದಾಗ ಮೆತ್ತಗಾಗೋದು ಎರಿಹೊಲ ಒಂದ. ಮನಸ್ಸು ಹಂಗಿರಬೇಕು ಅಂತಿದ್ದ. ಎಂಥಾ ಗಮನಾ ಇಟ್ಟು ಪ್ರಸಂಗ ಕೇಳ್ತಿದ್ದ ನೋಡ್ರಿ!”

ಎರೆಹೊಲದ ಮಾತು ಅಯ್ಯನವರದಲ್ಲ, ನನ್ನದು. ಊಟದ ಹೊತ್ತಿನಲ್ಲಿ ಸೇರಿಸಿದ್ದು. ಅದು ಹಾಗೆಯೇ ಮಿಲ್ಲು ಮುಟ್ಟಿತ್ತು. ನನಗೆ ಹೆಮ್ಮೆಯಾಯಿತು, ಕಣ್ಣೂ ತುಂಬಿತು.

ಆಮೇಲೆ ಅಯ್ಯನವರು ಪ್ರಸಂಗಕ್ಕೆ ನಿಂತರು. ನಿಂತಿರಬೇಕು. ನನಗೆ ಕಾಣಲಿಲ್ಲ. ಪೀಠಕ್ಕೂ ನನಗೂ ನಡುವೆ ಕಂಬ. ಮೇಲೆ ಫ್ಯಾನು ಗಿರಣಿಯಂತೆ ತಿರುಗುತ್ತಿತ್ತು, ಒಂದಕ್ಷರ ಕಿವಿಗೆ ಬೀಳಲಿಲ್ಲ. ಇರಲಿ, ನನ್ನ ಸಾಲಾದರೂ ಕಾಣುವುದೋ ಎಂದು ಬಲಕ್ಕೆ ಬಾಗಿದೆ. ಕಂಬ. ಮುಂದಕ್ಕೆ ಬಗ್ಗಿದೆ. ಆಗಲೂ ಕಂಬ. ಅಲ್ಲಿಂದ ಕಾಣುವುದು ಒಂದೇ, ಪಕ್ಕದ ಕಿಟಕಿ. ಕಿಟಕಿಯ ಆಚೆ ಬೇವಿನ ಮರ, ಅದರ ನೆರಳಿನಲ್ಲಿ ಇವರು ಸ್ಕೂಟರ್ ನಿಲ್ಲಿಸುತ್ತಿದ್ದ ಜಾಗ. ಇಷ್ಟು ವರ್ಷ ಈ ಮನುಷ್ಯ ನೋಡಿದ್ದು ದೇವರ ಸೇವಕನನ್ನೂ ಅಲ್ಲ, ನನ್ನನ್ನೂ ಅಲ್ಲ. ಸ್ಕೂಟರನ್ನು! ಅದೂ ಕಣ್ಣು ತೆರೆದಿದ್ದರೆ.

ಯಾಕೆಂದರೆ ಕಂಬದ ಸುಣ್ಣದ ಮೇಲೆ ಒಂದು ಕಲೆ ಇತ್ತು. ದುಂಡಗೆ, ಕಪ್ಪಗೆ. ಕೊಬ್ಬರಿಎಣ್ಣೆಯದು. ನನ್ನ ತಲೆಗಿಂತ ಒಂದು ಗೇಣು ಮೇಲೆ, ಅವರ ತಲೆಯ ಸರಿ ಎತ್ತರಕ್ಕೆ. ತಲೆದಿಂಬಿನ ಗವಸುಗಳ ಮೇಲೆ ಆ ಕಲೆಯನ್ನು ತಿಕ್ಕಿ ತಿಕ್ಕಿ ಒಗೆದವಳು ನಾನು. ನನಗೆ ಗುರುತು ಹತ್ತದೆ ಇರುತ್ತದೆಯೇ?

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಕಲೆಯ ಕೆಳಗೆ ನನ್ನ ತಲೆ ಒರಗಿಸಿದೆ. ಕಂಬ ತಣ್ಣಗಿತ್ತು. ಫ್ಯಾನಿನ ಗಾಳಿ ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು.

ಭುಜಕ್ಕೆ ಏನೋ ಮೆತ್ತಗೆ ತಾಗಿತು. ಮತ್ತೆ ತಾಗಿತು. ಕಣ್ಣು ಬಿಟ್ಟೆ. ಮುಂದೆ ಕೆಂಪು ಮಖಮಲ್ಲಿನ ಕಾಣಿಕೆ ಚೀಲ, ಅದರ ಉದ್ದನೆಯ ಕೋಲು, ಕೋಲಿನ ಆ ತುದಿಯಲ್ಲಿ ಖಜಾಂಚಿ.

“ಏಳ್ರಿ ಅಮ್ಮಾರ. ಪ್ರಸಂಗ ಮುಗೀತು” ಎಂದು ಪಿಸುಗುಟ್ಟಿದರು. “ಅವ್ರನ್ನೂ ಹಿಂಗ ಎಬ್ಬಸ್ತಿದ್ದೆ. ಯಾರಿಗೂ ಹೇಳಬ್ಯಾಡ ಅಂತ ಮಾತು ತಗೊಂಡಿದ್ರು. ಅದಕ್ಕ ಆವತ್ತು ಬ್ಯಾಡ ಅಂದಿದ್ದೆ.”

ಐವತ್ತು ರೂಪಾಯಿ ಹಾಕಿದೆ. ಎದ್ದು ಹೋಗಿ ಮನೆಯವರ ಪರವಾಗಿ ವಂದನೆ ಹೇಳಿದೆ. ಅಯ್ಯನವರ ಅರ್ಥಪೂರ್ಣವಾದ ಪ್ರಸಂಗವನ್ನು ವಿಶೇಷವಾಗಿ ನೆನೆದೆ. ಹೊರಗೆ ನಾದಿನಿ ಎಲ್ಲರಿಗೂ ಹೇಳುತ್ತಿದ್ದಳು: “ಅತ್ತಿಗಿನ್ನ ನೋಡಿದ್ರಿಲ್ಲ? ಪ್ರಸಂಗ ಮುಗಿಯೋ ಮಟ ಕಣ್ಣು ಮುಚ್ಚಿ ಪ್ರಾರ್ಥನಾದಾಗ ಇದ್ಲು. ಥೇಟ್ ಅಣ್ಣನಂಗ!”

ಮರುದಿನ ಸೋಮವಾರ. ಸಾಹುಕಾರರು ಹುಗ್ಗಿಯ ಹಂಡೆ ಒಯ್ಯಲು ಬಂದರು. ಕೂರಿಸಿ ಚಹಾ ಕೊಟ್ಟೆ.

“ನಿನ್ನೆ ಅಯ್ಯನೋರು ಏನು ಹೇಳಿದ್ರು, ಒಮ್ಮಿ ಹೇಳ್ರಿ ಸಾಹುಕಾರ್ರ.”

“ನೀವು ಅಲ್ಲೇ ಇದ್ರೆಲ್ರಿ ಅಕ್ಕಾರ?”

“ಇದ್ದೆ. ನೀವು ಹೇಳಿದ್ರ ಛಂದ ತಿಳೀತದ.”

ಅವರು ಟವೆಲ್ಲು ತೊಡೆಯ ಮೇಲೆ ಹಾಕಿಕೊಂಡು ಶುರು ಮಾಡಿದರು. ಎರಡು ಮಾತು ಹೇಳಿ ನಿಲ್ಲಿಸಿದರು. ಬಟ್ಟಲಿನ ಕಡೆ ನೋಡುತ್ತ, “ಬಿಡ್ರಿ. ನನ್ನ ಗೆಳೆಯ ಹೇಳಿದಂಗ ಬರಂಗಿಲ್ಲ” ಎಂದರು.

ಆ ದಿನದ ಡೈರಿಯಲ್ಲಿ ಖರ್ಚು ಬರೆದಿದ್ದೇನೆ. ಶಾಮಿಯಾನ, ಕುರ್ಚಿ ಒಂಬತ್ತು ಸಾವಿರ. ಮಟನ್, ಸಾಮಾನು, ಅಡಿಗೆಯವರು ಮೂವತ್ತೊಂದು ಸಾವಿರ. ಬ್ಯಾನರ್, ಕಣ್ಣು ಬಿಟ್ಟು, ಒಂದು ಸಾವಿರದ ಇನ್ನೂರು. ಕಾರ್ಯಕ್ರಮದ ಹಾಳೆ ಮುದ್ರಣ ಒಂದು ಸಾವಿರದ ನಾನೂರು. ಕಲ್ಲೂರಿನ ಟಂಟಂ ಎರಡು ಸಾವಿರ. ಅಕ್ಕಿಗೂ ಹುಗ್ಗಿಗೂ ಸಾಹುಕಾರರು ಹಣ ತೆಗೆದುಕೊಳ್ಳಲಿಲ್ಲ. ಕಾಣಿಕೆ ಐವತ್ತು. ಎಲ್ಲ ಸೇರಿ ನಲವತ್ತನಾಲ್ಕು ಸಾವಿರದ ಆರುನೂರ ಐವತ್ತು ರೂಪಾಯಿ, ಒಂದು ಪ್ರಸಂಗದಷ್ಟು ನಿದ್ದೆ ಹಿಡಿದು.